ಕಿಡ್ನಿ ಒಂದೇ ಸಾಕೋ, ಮೇದೋಜೀರಕವೂ ಬೇಕೋ

ನಾನು ದಿನಚರಿ ಬರೆಯಲು ಶುರುಮಾಡಿದ್ದು 1993ರ ಜೂನಿನಲ್ಲಿ, ನಾಲ್ಕನೇ ಇಯತ್ತೆಯಲ್ಲಿದ್ದಾಗ. ಮೊದಲ ಪುಟದಲ್ಲಿರುವುದು ಬರೀ ಬಣ್ಣಗಳು: ಹಸಿರು, ಹಳದಿ, ಹಳದಿ, ಇಟ್ಟಂಗಿ. ನನಗಿಂತ ಒಂಬತ್ತು ವರ್ಷ ದೊಡ್ಡವನಾದ ಅಣ್ಣನಿಗೆ ಹದಿಮೂರನೇ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬಂದಿತ್ತು. ದಿನಾ ಮುಂಜಾನೆ ಅವನು ಗಾಜಿನ ನಳಿಕೆಯಲ್ಲಿ ನೀಲಿ ದ್ರಾವಣ ಹಾಕಿ, ಅದಕ್ಕೆ ಎಂಟು ಹನಿ ಮೂತ್ರ ಬೆರೆಸಿ, ಸ್ಪಿರಿಟ್ ದೀಪದ ಮೇಲೆ ಕಾಯಿಸುತ್ತಿದ್ದ. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ ಇದೆ. ಇಟ್ಟಂಗಿ ಬಣ್ಣ ಬಂದರೆ ಬಹಳ ಇದೆ. ಬಣ್ಣ ನೋಡಿ ಹೇಳುವುದು ಅವನ ಕೆಲಸ, ಬರೆಯುವುದು ನನ್ನದು.

ನಮ್ಮ ಮನೆ ದೊಡವಾಡದಲ್ಲಿ. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದ. ಮನೆಯಲ್ಲಿ ಇದ್ದವರು ಅವ್ವ, ಅಣ್ಣ, ನಾನು ಮೂರೇ ಜನ. ಫ್ರಿಜ್ ಇರಲಿಲ್ಲ, ಇದ್ದರೂ ಕರೆಂಟಿನ ಭರವಸೆ ಇರಲಿಲ್ಲ. ಇನ್ಸುಲಿನ್ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಹಸಿ ಉಸುಕು ತುಂಬಿದ ಗಡಿಗೆಯೊಳಗೆ ಇಡುತ್ತಿದ್ದೆವು. ಉಸುಕಿಗೆ ದಿನಕ್ಕೆರಡು ಸಲ ನೀರು ಚಿಮುಕಿಸಿದ್ದಕ್ಕೂ ನನ್ನ ನೋಟ್‌ಬುಕ್ಕಿನಲ್ಲಿ ಗೆರೆಗಳಿವೆ. ಮುಂದೆ ಬಣ್ಣದ ಜಾಗಕ್ಕೆ ಅಂಕಿ ಬಂತು, ಬೆರಳು ಚುಚ್ಚಿ ನೋಡುವ ಸಣ್ಣ ಯಂತ್ರ ಬಂತು. ಅಣ್ಣ ಬೈಲಹೊಂಗಲದಲ್ಲಿ ಒಬ್ಬ ಗೆಳೆಯನ ಜೊತೆ ಸೇರಿ ಪಂಪಿನ ಮೋಟಾರುಗಳ ವೈಂಡಿಂಗ್ ಅಂಗಡಿ ಹಾಕಿದ. ಸುಟ್ಟ ಮೋಟಾರಿನ ಹಳೆ ತಂತಿ ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ನಾನು ಅದೇ ಊರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಅವನ ಸಕ್ಕರೆ, ಅವನ ಇನ್ಸುಲಿನ್, ಅವನು ತಿಂದ ರೊಟ್ಟಿ, ಮೂರೂ ನನ್ನ ಅಂಕಣಗಳಲ್ಲಿ ದಿನಾ ಬೀಳುತ್ತಿದ್ದವು.

2003ರಲ್ಲಿ ಆ ಅಂಕಣಗಳು ನಮಗೆ ಒಂದು ಸಂತೋಷದ ಸುದ್ದಿ ಕೊಟ್ಟವು. ಜನವರಿಯಲ್ಲಿ ಅಣ್ಣನಿಗೆ ದಿನಕ್ಕೆ ನಲವತ್ತನಾಲ್ಕು ಯೂನಿಟ್ ಇನ್ಸುಲಿನ್ ಬೇಕಾಗುತ್ತಿತ್ತು. ಜೂನಿಗೆ ಮೂವತ್ತಾರಕ್ಕೆ ಇಳಿಯಿತು, ಸೆಪ್ಟೆಂಬರಿಗೆ ಇಪ್ಪತ್ತೆಂಟಕ್ಕೆ. ನಾನು ಗ್ರಾಫ್ ಹಾಳೆ ತಂದು ಇಳಿಜಾರಿನ ಗೆರೆ ಎಳೆದು ತೋರಿಸಿದೆ.

"ಹದಿನೈದ ವರ್ಷ ನನ್ನ ಕೂಡ ಇದ್ದೂ ಇದ್ದೂ ರೋಗಕ್ಕ ಬ್ಯಾಸರ ಆಗೇತಿ. ಗಂಟು ಮೂಟಿ ಕಟ್ಟಾಕ ಹತ್ತೇತಿ" ಎಂದು ಅಣ್ಣ ನಕ್ಕ.

ಅವ್ವ ಆ ಖುಷಿಗೆ ಗೋದಿ, ಬೆಲ್ಲದ ಮಾದಲಿ ಮಾಡಿದಳು. ಅಣ್ಣ ಒಂದು ಮುಷ್ಟಿ ತಿಂದದ್ದನ್ನೂ ನಾನು ಬರೆದುಕೊಂಡೆ. ಅದೇ ವಾರ ಅವನ ಕಾಲು ಬಾತಿದ್ದನ್ನು ಮಾತ್ರ ದಿನವಿಡೀ ನಿಂತು ಕೆಲಸ ಮಾಡಿದ್ದಕ್ಕೆ ಎಂದು ಬಿಟ್ಟುಬಿಟ್ಟೆವು.

ಬಾವು ಮುಖಕ್ಕೂ ಬಂದಾಗ ಬೆಳಗಾವಿಗೆ ಹೋದೆವು. ಅಲ್ಲಿಯ ಡಾಕ್ಟರು ನಮ್ಮ ಕಡೆಯವರೇ, ಸವದತ್ತಿ ತಾಲ್ಲೂಕಿನವರು. ರಕ್ತದ ವರದಿಗಿಂತ ಮೊದಲು ನನ್ನ ಗ್ರಾಫನ್ನೇ ನೋಡಿದರು. ಬಹಳ ಹೊತ್ತು ನೋಡಿದರು.

"ಯಾರ ಬರದಿದ್ದು?"

"ನಾನ್ರಿ."

"ಬರದಿದ್ದು ಬರೋಬ್ಬರಿ ಐತಿ ತಂಗಿ. ಓದಿದ್ದು ಉಲ್ಟಾ ಆಗೇತಿ."

ದೇಹಕ್ಕೆ ಹೋದ ಇನ್ಸುಲಿನ್ನಿನ ಒಂದು ಪಾಲನ್ನು ತೆಗೆದುಹಾಕುವುದು ಕಿಡ್ನಿಯ ಕೆಲಸವಂತೆ. ಕಿಡ್ನಿ ಸೋತರೆ ಹಾಕಿದ ಇನ್ಸುಲಿನ್ ಹೊರಗೆ ಹೋಗದೆ ಹೆಚ್ಚು ಹೊತ್ತು ಉಳಿಯುತ್ತದೆ, ಆದ್ದರಿಂದ ಕಡಿಮೆ ಸಾಕಾಗುತ್ತದೆ. ನಾನು ಎಳೆದ ಇಳಿಜಾರಿನ ಗೆರೆ ರೋಗ ಇಳಿದದ್ದಲ್ಲ, ಅಣ್ಣನ ಎರಡು ಕಿಡ್ನಿಗಳು ಇಳಿದದ್ದು. ಆ ದಿನ ನನಗೆ ದುಃಖಕ್ಕಿಂತ ಮೊದಲು ಬಂದದ್ದು ಆಶ್ಚರ್ಯ. ಅಂಕಿ ಸುಳ್ಳು ಹೇಳಿರಲಿಲ್ಲ. ನಾನು ಅದಕ್ಕೆ ಸರಿಯಾದ ಪ್ರಶ್ನೆ ಕೇಳಿರಲಿಲ್ಲ.

ನವೆಂಬರಿನಿಂದ ವಾರಕ್ಕೆ ಎರಡು ಸಲ ಡಯಾಲಿಸಿಸ್ ಶುರುವಾಯಿತು, ಮಂಗಳವಾರ ಮತ್ತು ಶುಕ್ರವಾರ. ಯಂತ್ರದಲ್ಲಿ ರಕ್ತ ತೊಳೆಸಿಕೊಂಡು ಬಂದ ದಿನ ಅಣ್ಣ ಹಿಂಡಿದ ಬಟ್ಟೆಯ ಹಾಗೆ ಮಲಗುತ್ತಿದ್ದ. ಮೂತ್ರ ಹೋಗುವುದು ಬಹಳ ಕಡಿಮೆಯಾಗಿತ್ತು, ಹಾಗಾಗಿ ಕುಡಿಯುವ ನೀರೂ ದಿನಕ್ಕೆ ಅಳತೆಯ ಮೂರೇ ಲೋಟ. ಡಾಕ್ಟರು ಮುಚ್ಚಿಡದೆ ಹೇಳಿದರು: ಇದು ಬಹಳ ವರ್ಷದ ದಾರಿಯಲ್ಲ, ಕಿಡ್ನಿ ಕಸಿ ಆದಷ್ಟು ಬೇಗ ಆಗಬೇಕು. ರಕ್ತದ ಗುಂಪು ನೋಡಿದರು. ಅಣ್ಣನದು ಓ. ನನ್ನದು ಬಿ, ಹೊಂದಲಿಲ್ಲ. ನನ್ನ ದಿನಚರಿಯಲ್ಲಿ ಆ ಅಕ್ಷರದ ಸುತ್ತ ಪೆನ್ನು ಒತ್ತಿ ಒತ್ತಿ ಹಾಳೆ ಹರಿದಿದೆ. ಅವ್ವನದು ಓ. ಅವ್ವನಿಗೆ ಆಗ ಐವತ್ತು.

"ಹಂಗಾದ್ರ ನಂದ ತಗೀರಿ. ಎಂದ ಬರೂಣು?" ಎಂದು ಅವ್ವ ಎದ್ದೇ ನಿಂತಳು. ಹಲ್ಲು ಕೀಳಿಸಲು ದಿನ ಕೇಳುವವರ ಹಾಗಿತ್ತು ಅವಳ ದನಿ.

ಅಣ್ಣ ಅವಳ ಕಡೆ ನೋಡಲಿಲ್ಲ. ಡಾಕ್ಟರನ್ನೇ ಕೇಳಿದ: "ನನ್ನ ಕಿಡ್ನಿ ಕೆಟ್ಟಿದ್ದು ಸಕ್ಕರಿಯಿಂದ ಹೌದಲ್ರಿ? ಹೊಸಾದ ಹಾಕಿದ್ರೂ ಸಕ್ಕರಿ ಅಲ್ಲೇ ಕುಂತಿರತೈತಿ. ಅವ್ವನ ಕಿಡ್ನೀನೂ ಅದು ತಿನ್ನಂಗಿಲ್ಲೇನ್ರಿ?"

"ತಿಂತೈತಿ. ಆದ್ರ ಒಮ್ಮೆಲೆ ಅಲ್ಲ, ವರ್ಷಾನುಗಟ್ಟಲೆ ಹಿಡೀತೈತಿ. ಸಕ್ಕರಿ ಹಿಡಿತದಾಗ ಇಟ್ರ ಇನ್ನೂ ತಡ."

"ಸಕ್ಕರೀನ ಬೇರ ಸಮೇತ ಕೀಳಾಕ ಬರಂಗಿಲ್ಲೇನ್ರಿ?"

ಡಾಕ್ಟರು ಪೆನ್ನು ಕೆಳಗಿಟ್ಟರು. ಬರುತ್ತದೆ ಎಂದರು. ಇನ್ಸುಲಿನ್ ಮಾಡುವ ಅಂಗ ಮೇದೋಜೀರಕ. ಮೆದುಳು ಸತ್ತ ಒಬ್ಬರ ದೇಹದಿಂದ ಕಿಡ್ನಿ ಮತ್ತು ಮೇದೋಜೀರಕ ಎರಡನ್ನೂ ತೆಗೆದು, ಒಂದೇ ಆಪರೇಷನ್ನಿನಲ್ಲಿ ಅಣ್ಣನಂಥವರಿಗೆ ಕೂಡಿಸುವುದು ಹೊರದೇಶಗಳಲ್ಲಿ ರೂಢಿಯಲ್ಲಿದೆ. ಅದು ಹತ್ತಿಕೊಂಡರೆ ಇಂಜೆಕ್ಷನ್ನೇ ಬೇಡ. ನಮ್ಮಲ್ಲಿ ಮಾತ್ರ ಬಹಳ ಅಪರೂಪ.

ಬಸ್ಸಿನಲ್ಲಿ ವಾಪಸು ಬರುವಾಗ ಅಣ್ಣನ ಮುಖ ಬೇರೆಯಾಗಿತ್ತು. "ಕೇಳಿದೇನ? ಇಂಜೆಕ್ಷನ್ನ ಬ್ಯಾಡಂತ" ಎಂದು ನನಗೆ ಎರಡು ಸಲ ಹೇಳಿದ. ಆಮೇಲೆ ಕಿಟಕಿಯ ಕಡೆ ತಿರುಗಿ, "ಅವ್ವನ ಹೊಟ್ಟಿ ಕೊಯ್ಯೂದೂ ತಪ್ಪತೈತಿ" ಎಂದ.

ಅವನಿಗೆ ಇಂಜೆಕ್ಷನ್ ಬೇಡವಾಗಿದ್ದು ಸೂಜಿಯ ನೋವಿಗಲ್ಲ. ಜನವರಿಯಲ್ಲಿ ಒಂದು ಮಧ್ಯಾಹ್ನ ಕಾಲೇಜಿನಿಂದ ಅಂಗಡಿಗೆ ಹೋದೆ. ಅಣ್ಣ ಬಾಯಲ್ಲಿ ಎಣಿಸುತ್ತ ತಂತಿ ಸುತ್ತುತ್ತಿದ್ದ. ನಲವತ್ತೊಂದು, ನಲವತ್ತೆರಡು, ನಲವತ್ತೊಂದು, ನಲವತ್ತೆರಡು. ಅಲ್ಲೇ ತಿರುಗುತ್ತಿದ್ದ. ಹಣೆಯಲ್ಲಿ ಬೆವರು. ಎದುರಿಗೆ ಕೂತ ಅವನ ಗೆಳೆಯ ಕೈಯಲ್ಲಿನ ಕೆಲಸ ಬಿಟ್ಟು, ನೀರಿಗೆ ನಾಲ್ಕು ಚಮಚ ಸಕ್ಕರೆ ಕಲಸಿ ಅವನ ಬಾಯಿಗೆ ಹಿಡಿದ.

"ಕುಡಿಯೋ ಸಾಹೇಬಾ, ಹಿಂಗ ಸುತ್ತಿದ್ರ ಆ ಸಾಲಹಳ್ಳಿ ಗೌಡನ ಮೋಟಾರು ನೀರ ಬಿಟ್ಟು ನಿನ್ನ ಹೆಸರ ಜಪಾ ಮಾಡತೈತಿ."

ಸಕ್ಕರೆ ಇಳಿದಾಗ ಬರುವ ನಡುಕ, ಹಸಿವು ಯಾವುದೂ ಅಣ್ಣನಿಗೆ ಈಗ ತಿಳಿಯುತ್ತಿರಲಿಲ್ಲ. ಗೆಳೆಯ ಎಣಿಕೆಯ ಮೇಲೆ ಕಿವಿ ಇಟ್ಟಿರುತ್ತಿದ್ದ. ಎಣಿಕೆ ತಪ್ಪಿದರೆ ಸಕ್ಕರೆ ನೀರು. ಆ ತಿಂಗಳು ಇಂಥ ಒಂಬತ್ತು ಸಲ ನನ್ನ ಲೆಕ್ಕದಲ್ಲಿದೆ. ರಸ್ತೆ ದಾಟುವಾಗ ಆದರೆ ಏನು ಗತಿ ಎಂದು ಅಣ್ಣ ಒಬ್ಬನೇ ಎಲ್ಲಿಗೂ ಹೋಗುವುದನ್ನು ಬಿಟ್ಟಿದ್ದ. ಆದ್ದರಿಂದ ಜೋಡಿ ಕಸಿಯ ಆಸೆ ಬರೀ ಹಟ ಎಂದು ನಾನು ತಳ್ಳಿಹಾಕುವಂತಿರಲಿಲ್ಲ.

ಒಂದು ಹೊಸ ನೋಟ್‌ಬುಕ್ ತಂದು ಹಾಳೆಯ ನಡುವೆ ಗೆರೆ ಎಳೆದೆ. ಎಡಕ್ಕೆ 'ಅವ್ವನ ಕಿಡ್ನಿ ಮಾತ್ರ', ಬಲಕ್ಕೆ 'ಕಿಡ್ನಿ ಮತ್ತು ಮೇದೋಜೀರಕ'. ಬೈಲಹೊಂಗಲದಲ್ಲಿ ಆಗ ಸೈಬರ್ ಕೆಫೆ ಬಂದಿತ್ತು. ನಾಲ್ಕು ಶನಿವಾರ ಅಲ್ಲಿ ಕೂತು, ನಿಘಂಟು ತೊಡೆಯ ಮೇಲಿಟ್ಟುಕೊಂಡು ಓದಿದೆ. ಎಡಗಡೆ ಬರೆದದ್ದು: ಕಾಯಬೇಕಾಗಿಲ್ಲ. ಬದುಕಿರುವವರ ಕಿಡ್ನಿ ಬೇಗ ಕೆಲಸಕ್ಕೆ ಹತ್ತುತ್ತದೆ, ಹೆಚ್ಚು ಕಾಲ ಬಾಳುತ್ತದೆ. ಇನ್ಸುಲಿನ್ ತಪ್ಪುವುದಿಲ್ಲ. ಬಲಗಡೆ ಬರೆದದ್ದು: ಹತ್ತಿದರೆ ಇನ್ಸುಲಿನ್ ಇಲ್ಲ, ಸಕ್ಕರೆ ಕುಸಿಯುವ ಭಯವಿಲ್ಲ, ಹೊಸ ಕಿಡ್ನಿಗೂ ರಕ್ಷಣೆ. ಆಪರೇಷನ್ ದೊಡ್ಡದು, ತೊಡಕು ಹೆಚ್ಚು. ಯಾವಾಗ ಸಿಗುತ್ತದೋ ಗೊತ್ತಿಲ್ಲ. ಹೊಸ ಅಂಗವನ್ನು ದೇಹ ತಿರಸ್ಕರಿಸದ ಹಾಗೆ ತಡೆಯುವ ಗುಳಿಗೆ ಎರಡೂ ಕಡೆ ಜೀವನಪೂರ್ತಿ. ಅದನ್ನು ನಡುಗೆರೆಯ ಮೇಲೆಯೇ ಬರೆದೆ. ಹೇಗೂ ಗುಳಿಗೆ ತಿನ್ನಲೇಬೇಕಾದರೆ ಮೇದೋಜೀರಕವನ್ನೂ ಯಾಕೆ ಬಿಡಬೇಕು ಎಂಬುದು ಅಣ್ಣನ ವಾದ. ಅದು ಸರಿಯಾದ ವಾದವೇ ಎಂದು ನಾನು ಓದಿದ ಪುಟಗಳೂ ಹೇಳುತ್ತಿದ್ದವು.

ನನಗೆ ಬಗೆಹರಿಯದ್ದು ಒಂದೇ. ಕಿಡ್ನಿ ಕೂಡಿಸುವುದು ಅಷ್ಟು ಊರುಗಳಲ್ಲಿ ಆಗುತ್ತದೆ, ಮೇದೋಜೀರಕ ಯಾಕೆ ಆಗುವುದಿಲ್ಲ? ಪುಸ್ತಕದ ಚಿತ್ರದಲ್ಲಿ ಅದು ಹೊಟ್ಟೆಯ ಹಿಂದೆ ಮಲಗಿದ ಎಲೆಯ ಹಾಗಿತ್ತು, ಅಷ್ಟೆ. ಇದನ್ನು ಅಂಗಡಿಯಲ್ಲಿ ಹೇಳಿದೆ.

"ನಾಡದು ಬಕ್ರೀದ್ ಐತಿ. ಮನಿಗೆ ಬಾ, ನಮ್ಮವ್ವ ಎರಡೂ ತೋರಸ್ತಾಳ" ಎಂದ ಗೆಳೆಯ. ಆಮೇಲೆ ಅನುಮಾನದಿಂದ, "ನಿಮ್ಮ ಮನ್ಯಾಗ ಉಳ್ಳಾಗಡ್ಡಿ ಹೆಚ್ಚಿದ್ರ ಸೈತ ಕೈ ತೊಳೀತೀರಿ. ನಡೀತೈತೇನ?" ಎಂದು ಕೇಳಿದ.

"ತಿನ್ನಾಕ ಬರಂಗಿಲ್ಲ. ನೋಡಾಕ ಬರತೇನಿ."

ಫೆಬ್ರುವರಿಯ ಆ ದಿನ ಅವರ ಹಿತ್ತಲಲ್ಲಿ ಖಾಲಾ, ಎಂದರೆ ಗೆಳೆಯನ ತಾಯಿ, ಒಂದು ತಾಟಿನಲ್ಲಿ ಎರಡನ್ನೂ ಬೇರೆಯಾಗಿ ತೆಗೆದಿಟ್ಟಿದ್ದರು. ಮೂಗಿಗೆ ಸೆರಗು ಹಿಡಿಯಲು ಕೈ ಹೋಯಿತು. ಅವರ ಮನೆಯಲ್ಲಿ ಹಬ್ಬ ಎಂದು ನೆನಪಾಗಿ ಬಿಟ್ಟೆ.

"ಇದು ಗುರ್ದಾ. ಹಿಡದ ನೋಡು" ಎಂದರು. ಕಿಡ್ನಿ ಅಂಗೈಯಲ್ಲಿ ಗಟ್ಟಿಯಾಗಿ, ನುಣ್ಣಗೆ, ತೊಳೆದ ಕಲ್ಲಿನ ಹಾಗೆ ಕೂತಿತು. ಒಂದು ಕಡೆ ತಗ್ಗು, ಆ ತಗ್ಗಿನಿಂದ ನಾಳಗಳು ಹೊರಬಂದಿದ್ದವು. "ಇನ್ನ ನೀ ಕೇಳಿದ್ದು ಇದು. ಮೆಲ್ಲಕ, ಹರೀತೈತಿ."

ಅದು ಗುಲಾಬಿ ಬೆರೆತ ಬಿಳಿ, ಅವಲಕ್ಕಿ ನೆನೆಸಿದ ಹಾಗೆ ಗಂಟುಗಂಟು. ಎಲ್ಲಿ ಅಂಗ ಮುಗಿಯಿತು, ಎಲ್ಲಿ ಕೊಬ್ಬು ಶುರುವಾಯಿತು ತಿಳಿಯಲಿಲ್ಲ. ಎತ್ತಲು ಹೋದರೆ ಬೆರಳ ಸಂದಿಯಲ್ಲಿ ಜಾರಿತು. ಒತ್ತಿದ ಕಡೆ ಚೂರಾಯಿತು.

"ಇದನ್ನ ಕತ್ತರಿಸಿ ತಗದು, ಮತ್ತೊಬ್ಬರ ಹೊಟ್ಯಾಗ ಹೊಲೀತಾರ?" ಖಾಲಾ ತಾಟು ನೋಡುತ್ತ ತಲೆಯಾಡಿಸಿದರು. "ಆ ಟೇಲರಗ ಅಲ್ಲಾಹ್ ಭಾಳ ತಾಳ್ಮಿ ಕೊಟ್ಟಿರಬೇಕವ್ವಾ."

ನಾನು ಮನೆಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡೆ. ಆಮೇಲೆ ಬಲಗಡೆಯ ಅಂಕಣದಲ್ಲಿ 'ತೊಡಕು ಹೆಚ್ಚು' ಎಂದಿದ್ದಲ್ಲಿ ಬರೆದೆ: ಕೈಯಲ್ಲಿ ನಿಲ್ಲುವುದಿಲ್ಲ. ಅದು ಇನ್ಸುಲಿನ್ ಒಂದನ್ನೇ ಮಾಡುವುದೂ ಇಲ್ಲ, ಊಟ ಕರಗಿಸುವ ರಸವನ್ನೂ ಮಾಡುತ್ತದೆ, ಆ ರಸ ಸೋರಿದರೆ ಸುತ್ತಲಿನದನ್ನೂ ಕರಗಿಸೀತು ಎಂಬುದು ಓದಿದಾಗ ಬರೀ ವಾಕ್ಯವಾಗಿತ್ತು, ಈಗ ಅರ್ಥವಾಯಿತು.

ಕಟಕೋಳದಿಂದ ಅವ್ವನ ಅಣ್ಣ, ನನ್ನ ಮಾವ ಬಂದಾಗ ನೋಟ್‌ಬುಕ್ಕನ್ನು ಎಳೆದುಕೊಂಡು ನೋಡಿದ. ಅವನಿಗೂ ಸಕ್ಕರೆ ಕಾಯಿಲೆ, ಐವತ್ತು ದಾಟಿದ ಮೇಲೆ ಬಂದದ್ದು. ಹಾಗಾಗಿ ಅವನ ಕಿಡ್ನಿ ಯಾರೂ ತೆಗೆದುಕೊಳ್ಳುವಂತಿರಲಿಲ್ಲ. "ನನಗೂ ಒಂದ ಹೊಸಾ ಮೇದೋಜೀರಕ ಹಾಕಸ್ರಲಾ. ಹೋಳಗಿ ತಿಂದ ಎಷ್ಟ ದಿನಾ ಆತು" ಎಂದ.

"ನಿಂದ ಬ್ಯಾರೆ ಮಾವಾ. ಅಣ್ಣನ ದೇಹದಾಗ ಇನ್ಸುಲಿನ್ನ ತಯಾರ ಆಗಂಗಿಲ್ಲ. ನಿನ್ನ ದೇಹದಾಗ ಆಗತೈತಿ, ಆದ್ರ ದೇಹ ಅದರ ಮಾತ ಕೇಳಂಗಿಲ್ಲ. ಹೊಸಾದ ಹಾಕಿದ್ರೂ ಕೇಳಂಗಿಲ್ಲ."

"ಹೌದೇಳು" ಎಂದು ಅವ್ವ ಒಳಗಿನಿಂದ ಕೂಗಿದಳು. "ನಮ್ಮಣ್ಣ ಸಣ್ಣಾಂವ ಇದ್ದಾಗಿಂದನೂ ಯಾರ ಮಾತೂ ಕೇಳಂಗಿಲ್ಲ."

ಮಾರ್ಚಿನಲ್ಲಿ ಅವ್ವನ ತಪಾಸಣೆ. ಕಿಡ್ನಿ ಕೊಡುವವರಿಗೆ ಸಕ್ಕರೆ ಕಾಯಿಲೆ ಇರಬಾರದು, ಅಣ್ಣನಿಗೆ ಇದ್ದದ್ದರಿಂದ, ಮಾವನಿಗೂ ಇದ್ದದ್ದರಿಂದ ಅವ್ವನದನ್ನು ಬಿಗಿಯಾಗಿ ನೋಡುತ್ತೇವೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಬರಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ತೆಗೆದರು. ಗ್ಲೂಕೋಸ್ ನೀರು ಕುಡಿಸಿ ಎರಡು ತಾಸಿನ ಮೇಲೆ ಇನ್ನೊಮ್ಮೆ ತೆಗೆದರು. ಮೊದಲನೆಯದು ಚೊಕ್ಕವಾಗಿತ್ತು. ಎರಡನೆಯದು ಏರಿತ್ತು, ಸಕ್ಕರೆ ಕಾಯಿಲೆಯವರ ಹಾಗೆಯೇ ಏರಿತ್ತು.

"ಹಿಂಗಿದ್ರ ಅವ್ವಾರದು ತಗೋಳಾಕ ಬರಂಗಿಲ್ರಿ" ಎಂದರು ಡಾಕ್ಟರು.

ಅವ್ವ ಬಸ್ ಸ್ಟ್ಯಾಂಡಿನವರೆಗೂ ನಮ್ಮಿಬ್ಬರಿಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಅಣ್ಣ ನನ್ನ ಪಕ್ಕದಲ್ಲಿ, "ಆತಲ್ಲ. ಇನ್ನ ಎರಡೂ ಕೂಡೇ ಸಿಗೂತನಕ ಕಾಯೂದು" ಎಂದ. ದನಿ ಹಗುರಾಗಿತ್ತು. ನನಗೆ ಸಿಟ್ಟು ಬಂತು.

ಸಿಟ್ಟು ಬಂದಾಗ ನಾನು ಹಳೆಯ ಪುಟ ತಿರುವುತ್ತೇನೆ. ಬಸ್ಸಿನಲ್ಲಿ ಅದನ್ನೇ ಮಾಡಿದೆ. ಅಣ್ಣನ ರೊಟ್ಟಿಯ ಲೆಕ್ಕಕ್ಕಾಗಿ ನಾನು ದಿನಾ, ಅವ್ವ ಬುಟ್ಟಿಯಲ್ಲಿ ಎಷ್ಟು ಬಡಿದಿಟ್ಟಿದ್ದಾಳೆ, ಅವನು ಎಷ್ಟು ತಿಂದ, ನಾನು ಎಷ್ಟು ತಿಂದೆ, ಮರುದಿನ ಎಷ್ಟು ಉಳಿಯಿತು ಎಂದು ಬರೆಯುತ್ತಿದ್ದೆ. ಉಳಿದದ್ದು ಬಹುತೇಕ ದಿನ ಒಂದು, ಇಲ್ಲವೇ ಸೊನ್ನೆ. ಕಳೆದ ಎಂಟು ದಿನಗಳಲ್ಲಿ ಮಾತ್ರ ನಾಲ್ಕು, ನಾಲ್ಕು, ಐದು, ನಾಲ್ಕು ಎಂದು ಸಾಲಾಗಿ ಇತ್ತು. ಅಣ್ಣ ತಿಂದದ್ದು ಅಷ್ಟೇ. ನಾನು ತಿಂದದ್ದು ಅಷ್ಟೇ. ನಮ್ಮಲ್ಲಿ ಎಲ್ಲರದೂ ಆದ ಮೇಲೆ ಮನೆಯ ಹೆಣ್ಣು ಅಡುಗೆಮನೆಯಲ್ಲಿ ಒಬ್ಬಳೇ ಕೂತು ಉಣ್ಣುತ್ತಾಳೆ. ಅವಳ ತಾಟಿನಲ್ಲಿ ಏನಿದೆ ಎಂದು ಯಾರೂ ನೋಡುವುದಿಲ್ಲ. ಎಲ್ಲವನ್ನೂ ಬರೆಯುವ ನಾನೂ ನೋಡಿರಲಿಲ್ಲ. ನನ್ನ ಅಂಕಣಗಳಲ್ಲಿ ಅವ್ವನಿಗೆ ಅಂಕಣವೇ ಇರಲಿಲ್ಲ.

"ಯವ್ವಾ, ಎಂಟ ದಿನಾ ಏನ ಉಂಡಿ?"

"ಎಲ್ಲಾ ಉಂಡೇನಿ."

"ರೊಟ್ಟಿ ಉಳದಾವಲ್ಲ."

ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದಳು: "ಸಕ್ಕರಿ ನೋಡ್ತಾರಂದ್ರಲ್ಲ. ಅದಕ್ಕ ರೊಟ್ಟಿ, ಅನ್ನಾ ಬಿಟ್ಟಿದ್ದೆ. ಮಜ್ಜಿಗಿ, ಹಾಗಲಕಾಯಿ ರಸಾ ಕುಡದೇನಿ. ಇಷ್ಟ ಮಾಡಿದ್ರೂ ಏರೇತಿ ಅಂದ್ರ, ನನಗ ರೋಗ ಭಾಳನ ಇರಬೇಕು."

ಮರುದಿನ ಎಸ್‌ಟಿಡಿ ಬೂತಿನಿಂದ ಡಾಕ್ಟರಿಗೆ ಫೋನು ಮಾಡಿ ಉಳಿದ ರೊಟ್ಟಿಯ ಸಾಲನ್ನು ಓದಿದೆ. ಅತ್ತ ಕಡೆಯಿಂದ ದೊಡ್ಡ ನಗು ಬಂತು. ದಿನಗಟ್ಟಲೆ ರೊಟ್ಟಿ ಅನ್ನ ಕಾಣದ ದೇಹ, ಸಕ್ಕರೆಯನ್ನು ಬಳಸುವ ತಯಾರಿಯನ್ನೇ ಬಿಟ್ಟಿರುತ್ತದಂತೆ. ಒಮ್ಮೆಲೇ ಗ್ಲೂಕೋಸ್ ಸುರಿದರೆ ಕಾಯಿಲೆ ಇಲ್ಲದವರಿಗೂ ಏರಬಹುದಂತೆ. ಈ ತಪಾಸಣೆಗೆ ಮುಂಚಿನ ಮೂರು ದಿನ ಹೊಟ್ಟೆತುಂಬ ಉಂಡೇ ಬರಬೇಕು.

"ಮೊದಲ ಹೇಳಾಕ ಬೇಕಿತ್ತು, ನಂದೂ ತಪ್ಪೈತಿ. ಹತ್ತ ದಿನಾ ಬಿಟ್ಟು ಕರಕೊಂಡ ಬಾ. ಬರೂಮುಂದ ಉಣಸು. ನೀ ಎದುರಿಗೆ ಕುಂತು ಉಣಸು."

ಈ ಸುದ್ದಿಗೆ ಅವ್ವ ಕುಣಿದಾಡುವುದೊಂದು ಬಾಕಿ. ಅಣ್ಣ ಮಾತ್ರ ನನ್ನ ಮೇಲೆ ಹರಿಹಾಯ್ದ. "ನಿನಗ ಯಾರ ಹೇಳಿದ್ರ ಫೋನ ಮಾಡಂತ? ಒಂದ ಬಾಗಲಾ ತಾನಾಗೇ ಮುಚ್ಚಿತ್ತು."

"ಅದು ಸುಳ್ಳ ಮುಚ್ಚಿತ್ತಣ್ಣಾ."

"ಎಲ್ಲಾದರಾಗೂ ಖರೆ ಸುಳ್ಳ ನೋಡಾಕ ಇದೇನ ನಿನ್ನ ನೋಟ್‌ಬುಕ್ಕೇನ? ಅವ್ವಂದ ಹೊಟ್ಟಿ ಅದು." ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅವನ ಇನ್ಸುಲಿನ್ ಯೂನಿಟ್ಟನ್ನು ಅವ್ವನನ್ನು ಕೇಳಿ ಬರೆದುಕೊಂಡೆ.

ಎರಡನೇ ತಪಾಸಣೆಯಲ್ಲಿ ಅವ್ವನದು ಎರಡೂ ಸಲ ಚೊಕ್ಕ. ಕಳೆದ ಮೂರು ತಿಂಗಳ ಸರಾಸರಿ ತೋರಿಸುವ ಇನ್ನೊಂದು ರಕ್ತಪರೀಕ್ಷೆಯೂ ಚೊಕ್ಕ. ಅಣ್ಣ ಆಗಲೂ ಹೂಂ ಅನ್ನಲಿಲ್ಲ. ಜೋಡಿಗೆ ಕಾಯುತ್ತೇನೆ ಎಂದೇ ಕೂತ. ನಾನು ಐದು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಅದರಲ್ಲಿ ಮೂರನೆಯದನ್ನೇ ಮೊದಲು ಕೇಳಿದೆ: ಈಗ ಅವ್ವನ ಕಿಡ್ನಿ ಹಾಕಿಸಿಕೊಂಡರೆ, ಮೇದೋಜೀರಕದ ದಾರಿ ಪೂರ್ತಿ ಮುಚ್ಚುತ್ತದೆಯೇ?

ಇಲ್ಲ ಎಂದರು ಡಾಕ್ಟರು. ಕಿಡ್ನಿ ಚೆನ್ನಾಗಿ ಕೂತ ಮೇಲೆ, ದೇಹ ಗಟ್ಟಿಯಿದ್ದರೆ, ಮೇದೋಜೀರಕವನ್ನು ಬೇರೆಯಾಗಿ ಹಾಕುವುದೂ ಉಂಟು. ಎರಡು ಆಪರೇಷನ್ ಆಗುತ್ತದೆ, ಎರಡು ಬೇರೆ ಜನರ ಅಂಗ ಆಗುತ್ತದೆ, ಅದು ಅದರ ಕೊರತೆ. ಜೋಡಿಗೇ ಕಾಯುವುದಾದರೆ ದೂರದ ದೊಡ್ಡ ಊರಿನಲ್ಲಿ ಹೆಸರು ಹಚ್ಚಬೇಕು. ಕರೆ ಬಂದರೆ ಕೆಲವೇ ತಾಸುಗಳಲ್ಲಿ ಅಲ್ಲಿರಬೇಕು. ದೊಡವಾಡದಿಂದ ಅದು ಆಗುವ ಮಾತೇ? ಕಾಯುವಷ್ಟು ದಿನವೂ ಡಯಾಲಿಸಿಸ್, ಡಯಾಲಿಸಿಸ್‌ನಲ್ಲಿ ಹೃದಯ ಸವೆಯುತ್ತದೆ. ಕಿಡ್ನಿ ಮಾತ್ರ ಹಾಕಿದರೆ ಗುಳಿಗೆಗಳಿಂದ ಸಕ್ಕರೆ ಇನ್ನೂ ಏರುತ್ತದೆ, ಇನ್ಸುಲಿನ್ ಹೆಚ್ಚು ಬೇಕಾಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ.

ಈ ಎಲ್ಲವನ್ನೂ ನಾನು ಅಂಗಡಿಯಲ್ಲಿ ಗೆಳೆಯನಿಗೆ ಓದಿ ಹೇಳುತ್ತಿದ್ದೆ. ಅಣ್ಣ ಬೆನ್ನು ಮಾಡಿ ತಂತಿ ಸುತ್ತುತ್ತಿದ್ದ. ಗೆಳೆಯ ಕೇಳಿದ: "ಹಳೆ ಎರಡೂ ಕಿಡ್ನಿ ತಗದ ಒಗೀತಾರೇನ?"

"ಇಲ್ಲ, ಅವು ಅಲ್ಲೇ ಇರತಾವ. ಹೊಸಾದನ್ನ ಕೆಳಹೊಟ್ಯಾಗ ಕೂಡಸ್ತಾರ."

"ಹಂಗಾದ್ರ ಮೂರ ಕಿಡ್ನಿ ಮಾಲಕ ಆಗ್ತಾನಲ್ಲ ನಮ್ಮ ಸಾಹೇಬ! ಮತ್ಯಾಕ ಬ್ಯಾಡ ಅಂತಾನಂವ?" ಆಮೇಲೆ ನಗು ಬಿಟ್ಟು, ಅಣ್ಣನ ಬೆನ್ನಿಗೇ ಹೇಳಿದ: "ಲೇ, ಇಲ್ಲಿ ಕೇಳು. ಮೋಟಾರ ಸುಟ್ಟೈತಿ, ಸ್ಟಾರ್ಟರೂ ಕೆಟ್ಟೈತಿ ಅಂತ ರೈತ ಬರತಾನ. ಮೋಟಾರ ಇವತ್ತ ಸಿಗತೈತಿ. ಸ್ಟಾರ್ಟರ ಯಾವಾಗ ಬರತೈತೋ ಗೊತ್ತಿಲ್ಲ, ಅಲ್ಲೀತನಕ ಕೈಲೇ ಹಚ್ಚಬಹುದು. ನೀ ಅಂವಗ ಏನ ಹೇಳ್ತಿ? ಎರಡೂ ಕೂಡೇ ಬರೂತನಕ ಬೆಳಿ ಒಣಗಸು ಅಂತೀಯೇನ?"

ಅಣ್ಣನ ಕೈ ನಿಂತಿತು. "ಮೋಟಾರ ಬ್ಯಾರೇದವರ ಬಾಂವ್ಯಾಗಿಂದ ಕಿತ್ತ ತರೂದಿದ್ರ?" ಎಂದ. ತಿರುಗಿದಾಗ ಕಣ್ಣು ಕೆಂಪಾಗಿದ್ದವು. "ಮಾವಗ ಐತಿ. ಅವ್ವಗೂ ನಾಳೆ ಸಕ್ಕರಿ ಬಂದ್ರ? ಆಕಿಗೆ ಉಳದದ್ದ ಒಂದ ಕಿಡ್ನಿ. ಆವಾಗ ನಾ ಯಾರ ಮಾರಿ ನೋಡ್ಲಿ?"

ಆರು ತಿಂಗಳಲ್ಲಿ ಅವನು ಅದನ್ನು ಹೇಳಿದ್ದು ಅದೇ ಮೊದಲು. ಜೋಡಿಯ ಆಸೆ ನಿಜವಾದದ್ದೇ, ಆದರೆ ಅದರ ಕೆಳಗೆ ಈ ಪ್ರಶ್ನೆ ಇತ್ತು. ನನ್ನ ಎರಡೂ ಅಂಕಣಗಳಲ್ಲಿ ಬರೆದದ್ದು ಅಣ್ಣನಿಗೆ ಏನಾಗುತ್ತದೆ ಎಂಬುದನ್ನೇ. ಅವ್ವನಿಗೆ ಏನಾಗುತ್ತದೆ ಎಂಬ ಮೂರನೇ ಅಂಕಣ ಎಳೆದಿರಲೇ ಇಲ್ಲ. ಬೆಳಗಾವಿಗೆ ಹೋಗಿ ಅದನ್ನೂ ಕೇಳಿಕೊಂಡು ಬಂದೆವು. ಒಂದು ಕಿಡ್ನಿಯಲ್ಲಿ ಜನ ಪೂರ್ತಿ ಆಯುಷ್ಯ ಬಾಳುತ್ತಾರೆ. ಮುಂದೆ ಸಕ್ಕರೆ ಬರುವುದೇ ಇಲ್ಲ ಎಂದು ಮಾತು ಕೊಡಲು ಆಗುವುದಿಲ್ಲ. ಪ್ರತಿ ವರ್ಷ ತಪ್ಪದೆ ತಪಾಸಣೆ ಆಗಬೇಕು, ಬಂದರೆ ಮೊದಲ ದಿನವೇ ಹಿಡಿಯಬೇಕು.

ಅಂದು ಸಂಜೆ ಅಣ್ಣ ಅವ್ವನನ್ನು ಎದುರಿಗೆ ಕೂರಿಸಿಕೊಂಡ. "ವರ್ಷಾ ವರ್ಷಾ ರಕ್ತಾ ಕೊಡತೇನಿ ಅಂತ ಮಾತ ಕೊಡು. ನಮ್ಮ ಕೂಡನ ತಾಟ ಹಚಗೊಂಡು ಉಣಬೇಕು. ಕದ್ದ ಉಪಾಸಾ ಮಾಡೂದು ಬಂದ್."

"ಎಂಟ ದಿನಾ ಉಪಾಸಾ ಬಿದ್ದೇನಿ, ಆಮ್ಯಾಲೆ ಇಕಿ ಎದುರಿಗೆ ಕುಂತು ಎಮ್ಮಿಗೆ ತಿನಿಸಿದಂಗ ತಿನಿಸ್ಯಾಳ. ಇಷ್ಟ ಆದಮ್ಯಾಲೂ ನೀ ಒಲ್ಲೆ ಅಂದಿದ್ರ ಬಡಿಗಿ ತಗೋತಿದ್ದೆ. ಕೊಟ್ಟೆ ತಗೋ ಮಾತು" ಎಂದಳು ಅವ್ವ.

ಆಪರೇಷನ್ ಜೂನಿನಲ್ಲಿ ಆಯಿತು, ದೊಡ್ಡ ಊರಿನ ಆಸ್ಪತ್ರೆಯಲ್ಲಿ. ಅವ್ವ ಎರಡನೇ ಮಹಡಿ, ಅಣ್ಣ ನಾಲ್ಕನೆಯದು. ಅವನ ಕೋಣೆಗೆ ಒಬ್ಬರೇ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೋಗಬೇಕು. ಮೊದಲ ದಿನ ಹನ್ನೊಂದು ಸಲ ಮೆಟ್ಟಿಲು ಹತ್ತಿ ಇಳಿದೆ. ಅವ್ವನಿಗೆ ಎಚ್ಚರವಾದಾಗ ಕೇಳಿದ್ದು ಒಂದೇ: "ಅಂವಗ ಉಚ್ಚಿ ಬಂತೇನ?"

"ಬಂತು. ಆಗಲೇ ಐದ ಲೀಟರ್ ಆತು."

ಅವ್ವ ಕಣ್ಣು ಅಗಲ ಮಾಡಿದಳು. ಆಮೇಲೆ ಹೊಟ್ಟೆಯ ಪಟ್ಟಿ ಹಿಡಿದುಕೊಂಡು, ನೋವಾಗದಂತೆ ಮೆಲ್ಲಗೆ ನಕ್ಕಳು. "ಹೋಗು, ಇನ್ನ ಮ್ಯಾಲೆ ಇರು. ನನಗೇನೂ ಆಗಿಲ್ಲ."

ಮೇಲೆ ಅಣ್ಣನಿಗೆ ನರ್ಸ್ ದೊಡ್ಡ ಲೋಟದಲ್ಲಿ ನೀರು ಕೊಟ್ಟಿದ್ದಳು. ಹೋದಷ್ಟು ನೀರನ್ನು ತುಂಬಿಸಬೇಕಂತೆ, ಕುಡಿ ಕುಡಿ ಎನ್ನುತ್ತಿದ್ದಳು. ಏಳು ತಿಂಗಳಿಂದ ನೀರನ್ನು ಅಳೆದು ಕುಡಿಯುತ್ತಿದ್ದ ಅವನು ನಿಲ್ಲಿಸದೆ ಒಂದೇ ಉಸಿರಿಗೆ ಕುಡಿದ. ಬೆನ್ನಿಗೇ ಅವಳು ಬೆರಳು ಚುಚ್ಚಿ ನೋಡಿ, ಸಕ್ಕರೆ ಬಹಳ ಏರಿದೆ ಎಂದು ಇನ್ಸುಲಿನ್ ತುಂಬಿಸಿಕೊಂಡು ಬಂದಳು. ನಾನು ಅವನ ಮುಖ ನೋಡಿದೆ.

"ಮೇದೋಜೀರಕದ್ದ ಮುಂದ ನೋಡೂಣು. ಇವತ್ತಿಂದ ಇವತ್ತ" ಎಂದು ಅಣ್ಣ 'ಹಾಕ್ರಿ ಸಿಸ್ಟರ್' ಎಂಬಂತೆ ತೋಳು ಚಾಚಿದ. ಆಮೇಲೆ ನನ್ನ ಕಡೆ ಖಾಲಿ ಲೋಟ ಹಿಡಿದ. "ಇನ್ನೊಂದ ತುಂಬು. ಕೆಳಗ ಅವ್ವಗೂ ಕುಡಸು ಹೋಗು."